ದಾನಪತ್ರದಲ್ಲಿ ಇಲ್ಲದ ಆ ಒಂದು ಸಾಲು

ಹುಣಸೂರು ಉಪವಿಭಾಗವೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈಚೆಗೆ ಇವುಗಳಿಂದ ಒಡೆದು ಬಂದ ಸಾಲಿಗ್ರಾಮ, ಸರಗೂರುಗಳೂ ಸೇರಿದರೆ ಆರು ತಾಲ್ಲೂಕು. ಈ ಸೀಮೆಯ ಎಷ್ಟೋ ಮನೆಗಳಿಗೆ ಭೂಮಿ ಬಂದದ್ದೇ ಉಪವಿಭಾಗಾಧಿಕಾರಿಯ, ಅಂದರೆ ಎಸಿ ಸಾಹೇಬರ, ಮುಂದೆ ನಿಂತ ಮೇಲೆ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹೋದರು. ಆ ಮಂಡಳಿಗೆ ಎಸಿಯೇ ಅಧ್ಯಕ್ಷ. ವಕೀಲರಿಗೆ ಆರಂಭದಲ್ಲಿ ಅಲ್ಲಿ ಪ್ರವೇಶವಿರಲಿಲ್ಲ. ಅಂದು ಮೂವತ್ತರ ಹರೆಯದಲ್ಲಿದ್ದ ಗೇಣಿದಾರ ಇಂದು ಬದುಕಿದ್ದರೆ ಎಂಬತ್ತು ದಾಟಿದ್ದಾನೆ. ಅವನೋ ಅವನ ಹೆಂಡತಿಯೋ ಅದೇ ಭೂಮಿಯ ಸಲುವಾಗಿ ಇನ್ನೊಮ್ಮೆ ಎಸಿ ಮುಂದೆ ನಿಲ್ಲಬೇಕಾಗಿ ಬಂದರೆ ಅದು ಬೇರೊಂದು ನ್ಯಾಯಮಂಡಳಿ: 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ರಚನೆಯಾದದ್ದು. ಇದಕ್ಕೂ ಎಸಿಯೇ ಅಧ್ಯಕ್ಷ, ಇಲ್ಲೂ ಮೂಲ ಕಾಯ್ದೆ ವಕೀಲರನ್ನು ಹೊರಗಿಟ್ಟಿದೆ. ಆದರೆ ಈ ಸಲ ಅರ್ಜಿ ಭೂಮಿ ಕೊಡಿ ಎಂದಲ್ಲ. ಮಗನಿಗೆ ಬರೆದುಕೊಟ್ಟೆ, ಈಗ ನೋಡಿಕೊಳ್ಳುತ್ತಿಲ್ಲ, ವಾಪಸ್ ಕೊಡಿಸಿ ಎಂದು. ಇಂಥ ಅರ್ಜಿಯ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗುವುದು ವಿಚಾರಣೆಯ ದಿನವಲ್ಲ, ವರ್ಷಗಳ ಹಿಂದೆ ಪತ್ರ ಬರಹಗಾರರ ಮೇಜಿನ ಮೇಲೆ, ಪಡೆದವನು ಕೊಟ್ಟವರನ್ನು ನೋಡಿಕೊಳ್ಳಬೇಕು ಎಂಬ ಒಂದು ಸಾಲು ಬರೆದರೋ ಬಿಟ್ಟರೋ ಎಂಬುದರ ಮೇಲೆ. ಆ ಸಾಲನ್ನು ಪ್ರತಿ ದಾನಪತ್ರದಲ್ಲೂ ಬರೆಯುವುದೇ ಪದ್ಧತಿಯಾಗಬೇಕು, ಬಿಡುವುದಾದರೆ ಕೇಳಿ ತಿಳಿದು ಬಿಡಬೇಕು ಎನ್ನುವುದು ಈ ಬರಹದ ವಾದ.

ಅಮೆರಿಕದಲ್ಲಿ ವಯಸ್ಸಾದವರ ಆಸ್ತಿ ಯೋಜನೆಗೆಂದೇ ಪ್ರತ್ಯೇಕ ವಕೀಲರಿದ್ದಾರೆ. ಅವರ ಕಸುಬಿನ ತಿರುಳು ನಮಗೆ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಕೈಯಲ್ಲಿ ಆಸ್ತಿ ಇಲ್ಲದವರ ಶುಶ್ರೂಷಾಲಯದ ಖರ್ಚನ್ನು ಮೆಡಿಕೈಡ್ ಎಂಬ ಸರ್ಕಾರಿ ಯೋಜನೆ ಭರಿಸುತ್ತದೆ. ಹಾಗಾಗಿ ಮನೆ, ಹಣವನ್ನು ಮೊದಲೇ ಮಕ್ಕಳ ಹೆಸರಿಗೆ ಮಾಡಿಬಿಡುವ ದಾರಿ ಹುಡುಕುತ್ತಾರೆ. ಸರ್ಕಾರವೂ ಸುಮ್ಮನಿಲ್ಲ, ಅರ್ಜಿ ಹಾಕುವ ಹಿಂದಿನ 60 ತಿಂಗಳಲ್ಲಿ ಯಾರಿಗೆ ಏನು ಕೊಟ್ಟಿರಿ ಎಂದು ಬಹುತೇಕ ರಾಜ್ಯಗಳಲ್ಲಿ ತಿರುವಿ ನೋಡುತ್ತದೆ. ಅಲ್ಲಿ ಆಸ್ತಿ ಬಿಟ್ಟುಕೊಟ್ಟವನಿಗೆ ಸರ್ಕಾರ ಸಿಗುತ್ತದೆ, ಇಲ್ಲಿ ಬಿಟ್ಟುಕೊಟ್ಟವನಿಗೆ ಯಾರೂ ಸಿಗುವುದಿಲ್ಲ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಬರುವುದು ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40. 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಯೋಜನೆಯ 5 ಲಕ್ಷ ರೂಪಾಯಿ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ಲಕ್ವ ಹೊಡೆದು ಮಲಗಿದವರನ್ನು ಮೈಸೂರಿನ ಆಸ್ಪತ್ರೆ ವಾರದಲ್ಲೋ ಎರಡು ವಾರದಲ್ಲೋ ಮನೆಗೆ ಕಳಿಸುತ್ತದೆ. ಆಮೇಲಿನ ಮೂರು ವರ್ಷವೋ ಐದು ವರ್ಷವೋ ಮಗ್ಗುಲು ಬದಲಿಸುವ, ಮಲಮೂತ್ರ ಬಳಿಯುವ, ಅಂಬಲಿ ಕುಡಿಸುವ ಕೆಲಸಕ್ಕೆ ಯಾವ ಯೋಜನೆಯ ಕಾರ್ಡೂ ನಡೆಯುವುದಿಲ್ಲ. 2007ರ ಕಾಯ್ದೆಯಡಿ ನ್ಯಾಯಮಂಡಳಿ ಕೊಡಿಸಬಹುದಾದ ಜೀವನಾಂಶದ ಗರಿಷ್ಠ ಮಿತಿಯೇ ತಿಂಗಳಿಗೆ 10,000. ಅಷ್ಟರಲ್ಲಿ ಹಗಲೊಬ್ಬರು, ರಾತ್ರಿಯೊಬ್ಬರು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳಲಾಗದು. ಆದ್ದರಿಂದ ನಮ್ಮ ಸೀಮೆಯಲ್ಲಿ ಮುಪ್ಪಿನ ಆರೈಕೆಗೆ ವಿಮೆಯೆಂಬುದಿದ್ದರೆ ಅದು ಎರಡೆಕರೆ ಹೊಲ, ಒಂದು ಮನೆ. ಇಲ್ಲಿ ಆಸ್ತಿಯನ್ನು ಆರೈಕೆಯ ಖರ್ಚಿನಿಂದ ಕಾಪಾಡಬೇಕಿಲ್ಲ, ಆರೈಕೆಗಾಗಿ ಕಾಪಾಡಬೇಕಿದೆ.

ಆದರೂ ಆ ವಿಮೆಯನ್ನು ಜನ ಬದುಕಿರುವಾಗಲೇ ಕೈಬಿಡುತ್ತಾರೆ, ಅದಕ್ಕೆ ಸಕಾರಣಗಳೂ ಇವೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ವರ್ಜೀನಿಯಾ ತಂಬಾಕು ಬೆಳೆಯಲು ತಂಬಾಕು ಮಂಡಳಿಯ ನೋಂದಣಿ, ಎಲೆ ಹದಗೊಳಿಸುವ ಬ್ಯಾರನ್‌ಗೆ ಲೈಸೆನ್ಸು ಬೇಕು. ದುಡಿಯುವವನು ಮಗ, ಕಾಗದ ಅಪ್ಪನ ಹೆಸರಲ್ಲಿ. ಕೆ.ಆರ್. ನಗರದ ನಾಲೆ ಬಯಲಲ್ಲಿ ಭತ್ತವೋ ಕಬ್ಬೋ ಹಾಕುವವನಿಗೆ ಸಹಕಾರ ಸಂಘದ ಬೆಳೆಸಾಲ ಬೇಕಾದರೆ ಪಹಣಿ ಅವನ ಹೆಸರಲ್ಲಿರಬೇಕು. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣ ಬರುವುದೂ ಪಹಣಿಯಲ್ಲಿ ಹೆಸರಿದ್ದವರಿಗೆ. ಹೆಣ್ಣು ನೋಡಲು ಹೋದಾಗ ಹುಡುಗನ ಹೆಸರಿಗೆ ಎಷ್ಟಿದೆ ಎಂದು ಕೇಳದ ಬೀಗರು ಕಡಿಮೆ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: 1994ರ ರಾಜ್ಯ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿಗಳು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ, ಅವರು ಕೇಳುವ ಮೊದಲೇ ಗಂಡುಮಕ್ಕಳಿಗೆ ಬರೆದುಬಿಡುವ ಅವಸರ. (ಒಟ್ಟು ಕುಟುಂಬದ ಪಿತ್ರಾರ್ಜಿತವನ್ನು ಪಾಲಾಗುವ ಮೊದಲು ಹಾಗೆ ದಾನ ಮಾಡಲು ಬರುವುದಿಲ್ಲ ಎನ್ನುವುದು ಬೇರೆ ಮಾತು, ಸಿವಿಲ್ ಕೋರ್ಟುಗಳಿಗೆ ಇದರಿಂದಲೇ ಬೇಕಾದಷ್ಟು ಕೆಲಸ.) ಮುದ್ರಾಂಕ ಶುಲ್ಕವೂ ತಡೆಯಲ್ಲ, ಮನೆಮಂದಿಯೊಳಗಿನ ದಾನಕ್ಕೆ ಆಸ್ತಿಯ ಬೆಲೆ ನೋಡದೆ ನಿಗದಿ ಮಾಡಿದ ಸಣ್ಣ ಮೊತ್ತ ಸಾಕು. ಹೀಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಕೊಟ್ಟಿರುತ್ತೇನೆಂದೂ, ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವುದೇ ಹಕ್ಕು ಇರುವುದಿಲ್ಲವೆಂದೂ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಆ ಪಡಿಯಚ್ಚಿನ ವಾಕ್ಯಗಳಲ್ಲಿ ಕೊಟ್ಟವರಿಗೆ ಮುಂದೆ ಯಾರು ಅನ್ನ ಹಾಕಬೇಕು ಎಂಬುದಕ್ಕೆ ಜಾಗವಿಲ್ಲ.

ಕಾಯ್ದೆಯ 23ನೇ ಕಲಂ ಹುಡುಕುವುದು ಅದನ್ನೇ. ಆಸ್ತಿ ಪಡೆದವನು ಕೊಟ್ಟವರ ಮೂಲ ಸೌಕರ್ಯ, ದೈಹಿಕ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯ ನಾಗರಿಕರೊಬ್ಬರು ಆಸ್ತಿ ವರ್ಗಾಯಿಸಿ, ಪಡೆದವನು ಅದರಂತೆ ನಡೆಯದಿದ್ದರೆ, ಆ ವರ್ಗಾವಣೆ ವಂಚನೆಯಿಂದಲೋ ಬಲವಂತದಿಂದಲೋ ಆದದ್ದೆಂದು ಭಾವಿಸಿ ನ್ಯಾಯಮಂಡಳಿ ಅದನ್ನು ಅನೂರ್ಜಿತಗೊಳಿಸಬಹುದು. ಇಡೀ ಕಲಂ ನಿಂತಿರುವುದು ‘ಷರತ್ತಿನ ಮೇಲೆ’ ಎಂಬ ಪದಗಳ ಮೇಲೆ. 2022ರ ಡಿಸೆಂಬರ್‌ನಲ್ಲಿ ಹರಿಯಾಣದ ತಾಯಿಯೊಬ್ಬರ ಹಕ್ಕು ಖುಲಾಸೆ ಪತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಥ ಷರತ್ತು ಇತ್ತೆಂದು ತೋರಿಸದೆ ಈ ಕಲಂ ಅನ್ವಯಿಸದು ಎಂದಿತು. ಹೆತ್ತವರು ಮಕ್ಕಳಿಗೆ ಕೊಡುವಾಗ ಎಷ್ಟೋ ಸಲ ಪ್ರತಿಯಾಗಿ ಏನನ್ನೂ ಬಯಸಿರುವುದಿಲ್ಲ ಎನ್ನುವುದು ಅದರ ತರ್ಕ. ಎಂದರೆ ‘ಪ್ರೀತಿ ವಿಶ್ವಾಸದಿಂದ’ ಎಂದು ಬರೆದ ಪದವೇ ಬರೆದವರಿಗೆ ಮುಳುವಾಗಬಹುದು. ಹೈಕೋರ್ಟುಗಳು ಈ ಕಲಮನ್ನು ಒಂದೇ ರೀತಿ ಓದಿಲ್ಲ. ಎಚ್.ಡಿ. ಕೋಟೆಯ ಗಡಿಯಾಚೆಯ ಕೇರಳದಲ್ಲಿ ಪೂರ್ಣಪೀಠ 2020ರಲ್ಲಿ ಷರತ್ತು ಪತ್ರದಲ್ಲೇ ಸ್ಪಷ್ಟವಾಗಿರಬೇಕು ಎಂದಿತು. ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ 2025ರಲ್ಲಿ, ಪ್ರೀತಿಯಿಂದ ಕೊಟ್ಟೆನೆಂದರೆ ನೋಡಿಕೊಳ್ಳುವ ಷರತ್ತು ಅದರಲ್ಲೇ ಅಡಗಿದೆ ಎಂದಿತು. ಪತ್ರ ಒಂದೇ, ಪ್ರೀತಿ ಒಂದೇ. ತಮಿಳುನಾಡಿನಲ್ಲಿ ಭೂಮಿ ವಾಪಸು, ಕೇರಳದಲ್ಲಿ ಬರಿಗೈ.

ಇಷ್ಟು ಗಾಬರಿ ಈಗ ಏಕೆ, 2025ರ ಜನವರಿ 2ರಂದು ಸುಪ್ರೀಂ ಕೋರ್ಟೇ ಉದಾರವಾಗಿ ಓದಬೇಕೆಂದು ಹೇಳಿದೆಯಲ್ಲ ಎಂದು ತಿಳಿದವರು ಕೇಳಬಹುದು. ಹೌದು, ಮಧ್ಯಪ್ರದೇಶದ ಛತರ್‌ಪುರದ ತಾಯಿಯೊಬ್ಬರ ಪ್ರಕರಣದಲ್ಲಿ ಮಗನಿಗೆ ಕೊಟ್ಟ ದಾನವನ್ನು ರದ್ದುಪಡಿಸಿ ಸ್ವಾಧೀನವನ್ನೂ ಮರಳಿ ಕೊಡಿಸಲಾಯಿತು. ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಅಕ್ಷರಕ್ಕೆ ಜೋತುಬಿದ್ದು ಓದಬಾರದು ಎಂದಿತು ಪೀಠ. ಆದರೆ ಆ ತೀರ್ಪನ್ನು ಪೂರ್ತಿ ಓದಿದವರಿಗೆ ಒಂದು ವಿವರ ಕಾಣುತ್ತದೆ. ಅಲ್ಲಿ ದಾನಪತ್ರದ ಜೊತೆಗೆ, ಕೊನೆಯವರೆಗೆ ನೋಡಿಕೊಳ್ಳುತ್ತೇನೆ, ತಪ್ಪಿದರೆ ಆಸ್ತಿ ಹಿಂಪಡೆಯಬಹುದು ಎಂದು ಮಗ ಬರೆದುಕೊಟ್ಟಿದ್ದನೆನ್ನಲಾದ ಇನ್ನೊಂದು ಕಾಗದವೂ ಇತ್ತು. ಉದಾರವಾಗಿ ಓದಲಿಕ್ಕೂ ಓದಲು ಏನಾದರೂ ಬರೆದಿರಬೇಕು. ಅದೂ ಆ ತಾಯಿ ಗೆದ್ದದ್ದು ಕೆಳಗಿನ ಅಧಿಕಾರಿಯಿಂದ ದೆಹಲಿಯವರೆಗೆ ಹೋದ ಮೇಲೆ, ನಡುವೆ ಹೈಕೋರ್ಟಿನಲ್ಲಿ ಸೋತು. ಹೆಗ್ಗಡದೇವನಕೋಟೆಯ ಎಪ್ಪತ್ತೆಂಟರ ಅಜ್ಜಿಗೆ ಆ ಹಾದಿಯನ್ನು ತೋರಿಸಿ ಕಾನೂನು ನಿಮ್ಮ ಪರ ಇದೆ ಎನ್ನುವುದು ಅರ್ಧ ಸತ್ಯ.

ಹೆಚ್ಚು ಬಲವಾಗಿ ಕೇಳಿಬರುವ ಆಕ್ಷೇಪ ಕಾನೂನಿನದಲ್ಲ, ಮನಸ್ಸಿನದು. ಹೊಟ್ಟೆಯಲ್ಲಿ ಹುಟ್ಟಿದ ಮಗನ ಹತ್ತಿರ ಷರತ್ತು ಬರೆಸಿಕೊಳ್ಳುವುದೇ? ಅದು ಅಪನಂಬಿಕೆಯ ಮಾತಲ್ಲವೇ? ಕರುಳ ಸಂಬಂಧವನ್ನು ಕರಾರಿಗೆ ಇಳಿಸಿದಂತಲ್ಲವೇ? ಇದು ಸಣ್ಣ ಆಕ್ಷೇಪವಲ್ಲ, ಬಹುಪಾಲು ಜನ ಆ ಸಾಲನ್ನು ಬಿಡುವುದೇ ಇದಕ್ಕಾಗಿ. ಆದರೆ ಈ ನಾಚಿಕೆ ನಮ್ಮ ಹಳೆಯ ರೂಢಿಯದಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಪಂಚಾಯ್ತಿದಾರರು ಕೂತು ಪಾಲು ಮಾಡುವಾಗ ಅಪ್ಪ ಅವ್ವನಿಗೆ ಜೀವನಾಂಶವೆಂದು ಒಂದು ತುಂಡು ಭೂಮಿಯನ್ನು ಬೇರೆ ಇಡುತ್ತಿದ್ದರು. ಅವರು ಯಾವ ಮಗನ ಮನೆಯಲ್ಲಿ ಇರುತ್ತಾರೋ ಅವನು ಅದನ್ನು ಉಳಬೇಕು, ಅವರ ಕಾಲಾನಂತರ ಅದು ಯಾರಿಗೆ, ತಿಥಿ ಖರ್ಚು ಯಾರದು ಎಂಬುದೂ ಪಾಲುಪಟ್ಟಿಯಲ್ಲಿ ಬರುತ್ತಿತ್ತು. ಅದನ್ನು ಯಾರೂ ಅವಮಾನವೆಂದು ತಿಳಿಯಲಿಲ್ಲ. ಹತ್ತು ಜನರ ಎದುರು ಆದ ಮಾತು ಎಂದು ತಿಳಿದರು. ಪಂಚಾಯ್ತಿದಾರರ ಜಾಗಕ್ಕೆ ಕಂಪ್ಯೂಟರ್ ಬಂತು, ಪಾಲುಪಟ್ಟಿಯ ಜಾಗಕ್ಕೆ ಪಡಿಯಚ್ಚಿನ ದಾನಪತ್ರ ಬಂತು, ನಡುವೆ ಎಲ್ಲೋ ಜೀವನಾಂಶದ ತುಂಡು ಬಿದ್ದುಹೋಯಿತು. ಕಳಕೊಂಡಿದ್ದನ್ನು ಹುಡುಕಿ ಇಟ್ಟುಕೊಂಡರೆ ಅದು ಅಪನಂಬಿಕೆ ಹೇಗಾದೀತು? ಷರತ್ತು ಎಲ್ಲ ಪತ್ರಗಳಲ್ಲೂ ತಾನಾಗಿ ಬರುವಂತಾದರೆ ಈ ಮುಜುಗರವೂ ಇರದು. ಸಾಕ್ಷಿ ಹಾಕಿಸುವುದಕ್ಕೆ ಯಾವ ಮಗನೂ ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳುವುದಿಲ್ಲ, ಏಕೆಂದರೆ ಅದು ಎಲ್ಲರಿಗೂ ಇರುವ ನಿಯಮ.

ದಾನಪತ್ರವೇ ಏಕೆ, ವಿಲ್ ಬರೆದರೆ ಸಾಲದೇ ಎನ್ನುವವರೂ ಇದ್ದಾರೆ. ಆಸ್ತಿ ಸ್ವಯಾರ್ಜಿತವಾಗಿದ್ದು, ಮಗನಿಗೆ ತಕ್ಷಣ ಪಹಣಿ ಬೇಕಿಲ್ಲದಿದ್ದರೆ ಅದೇ ಮೇಲು. ವಿಲ್ ಜಾರಿಗೆ ಬರುವುದು ಬರೆದವರು ಕಣ್ಣು ಮುಚ್ಚಿದ ಮೇಲೆ, ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಆಸ್ಪತ್ರೆಗಳಲ್ಲಿ ಹೆತ್ತವರನ್ನು ಬಿಟ್ಟುಹೋಗುವ ಮಕ್ಕಳ ಬಗ್ಗೆ 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಎಚ್ಚರಿಕೆ ಕೊಟ್ಟಾಗ (ಬೆಳಗಾವಿಯ ಬಿಮ್ಸ್ ಒಂದರಲ್ಲೇ ಅಂಥ 150ಕ್ಕೂ ಹೆಚ್ಚು ಪ್ರಕರಣಗಳು ಎಂದು ಆಗ ವರದಿಯಾಗಿತ್ತು) ಆಸ್ತಿ ವರ್ಗಾವಣೆಯ ಜೊತೆಗೆ ವಿಲ್ ರದ್ದುಪಡಿಸುವ ಮಾತೂ ಬಂತು. ವಿಲ್ ರದ್ದಿಗೆ ಸರ್ಕಾರ ಬೇಕಿಲ್ಲ, ಬರೆದವರೇ ಸಾಕು. ರದ್ದಾಗಲು ತಿಣುಕಾಡುವುದು ದಾನಪತ್ರ. ಆದರೆ ಬೆಳೆಸಾಲ, ಬ್ಯಾರನ್ ಲೈಸೆನ್ಸು, ಮದುವೆ ಇವು ವಿಲ್‌ನಿಂದ ಬಗೆಹರಿಯುವುದಿಲ್ಲವಾದ್ದರಿಂದಲೇ ಜನ ದಾನಪತ್ರಕ್ಕೆ ಹೋಗುವುದು. ಅವರಿಗೆ ವಿಲ್ ಬರೆಯಿರಿ ಎಂದು ಉಪದೇಶ ಮಾಡಿ ಕಳಿಸುವುದಕ್ಕಿಂತ, ಬರೆಯುವ ದಾನಪತ್ರವನ್ನೇ ಭದ್ರಗೊಳಿಸುವುದು ಮೇಲು.

ಮಗನ ಕಡೆಯಿಂದಲೂ ನ್ಯಾಯವಾದ ಪ್ರಶ್ನೆಯಿದೆ. ಷರತ್ತು ಹೊತ್ತ ಭೂಮಿಗೆ ಬ್ಯಾಂಕು ಸಾಲ ಕೊಟ್ಟೀತೆ? ಬೋರ್‌ವೆಲ್ ಕೊರೆಸಿ, ಬ್ಯಾರನ್ ಕಟ್ಟಿ ಲಕ್ಷಗಟ್ಟಲೆ ಸುರಿದ ಮೇಲೆ ಅತ್ತೆ ಸೊಸೆ ಜಗಳದ ನೆಪದಲ್ಲಿ ಭೂಮಿ ವಾಪಸ್ ಹೋದರೆ? ಎರಡನೆಯದಕ್ಕೆ ಉತ್ತರ ಸ್ವತ್ತು ವರ್ಗಾವಣೆ ಕಾಯ್ದೆಯ 126ನೇ ಕಲಮಿನಲ್ಲೇ ಇದೆ: ಕೊಟ್ಟವನ ಇಷ್ಟ ಬಂದಾಗ ರದ್ದು ಮಾಡುವ ದಾನ ದಾನವೇ ಅಲ್ಲ, ಇಬ್ಬರೂ ಒಪ್ಪಿದ, ಕೊಟ್ಟವನ ಮರ್ಜಿಗೆ ಸೇರದ ಒಂದು ಘಟನೆ ನಡೆದರೆ ಮಾತ್ರ ಹಿಂಪಡೆಯಬಹುದು. ಆದ್ದರಿಂದ ‘ನನಗೆ ಬೇಸರವಾದರೆ ವಾಪಸ್’ ಎಂದು ಬರೆಸಿದರೆ ಪತ್ರವೇ ಕೆಡುತ್ತದೆ. ಊಟ, ವಸತಿ, ಔಷಧ, ಹಾಸಿಗೆ ಹಿಡಿದಾಗಿನ ಶುಶ್ರೂಷೆ ಎಂದು ಬಿಡಿಬಿಡಿಯಾಗಿ ಬರೆದರೆ ಇಬ್ಬರಿಗೂ ರಕ್ಷಣೆ. ಮಗನೂ ಇದಿಷ್ಟನ್ನು ಮಾಡಿದ್ದೇನೆ ಎಂದು ತೋರಿಸಬಹುದು. ಸಾಲದ ಪ್ರಶ್ನೆಗೆ ಉತ್ತರ ಅರಸರ ಕಾಲದ ಕಾನೂನಿನಲ್ಲಿದೆ. ಅಧಿಭೋಗದಾರನೆಂದು ನೋಂದಣಿಯಾದ ಗೇಣಿದಾರ ತನಗೆ ಬಂದ ಭೂಮಿಯನ್ನು 15 ವರ್ಷ ಮಾರುವಂತಿಲ್ಲ, ದಾನ ಕೊಡುವಂತಿಲ್ಲ ಎಂದು ಭೂಸುಧಾರಣಾ ಕಾಯ್ದೆಯ 61ನೇ ಕಲಂ ಕಟ್ಟಿಹಾಕಿತ್ತು. ಆದರೆ ಹಣಕಾಸು ಸಂಸ್ಥೆಗೆ ಅಡಮಾನ ಇಟ್ಟು ಕೃಷಿಗೆ ಸಾಲ ಪಡೆಯಲು ಅವಕಾಶ ಬಿಟ್ಟಿತ್ತು. ಬಡವನ ಕೈಗೆ ಬಂದ ಭೂಮಿ ಜಾರಿಹೋಗದಿರಲೆಂದು 15 ವರ್ಷ ಕಾವಲು ಕೂತ ಸರ್ಕಾರ, ಅದೇ ಕೈ ನಡುಗುವ ವಯಸ್ಸಿಗೆ ಬಂದಾಗ ಒಂದು ಪ್ರಶ್ನೆಯನ್ನೂ ಕೇಳದೆ ಮುದ್ರೆ ಒತ್ತುತ್ತದೆ. ಬೆಳೆಸಾಲಕ್ಕೆ ಅಡಮಾನ ಇಡಬಹುದು ಎಂದು ಪತ್ರದಲ್ಲಿ ಬರೆಯಲು ಅಡ್ಡಿಯಿಲ್ಲ. ದೊಡ್ಡ ಸಾಲ ಕಷ್ಟವಾಗುತ್ತದೆ ಎನ್ನುವುದು ನಿಜ, ಅದನ್ನು ಒಪ್ಪಿಕೊಳ್ಳಬೇಕು. ಅದಕ್ಕೇ ಎಲ್ಲವನ್ನೂ ಬರೆದುಕೊಡಬಾರದು. ಬ್ಯಾರನ್ ಇರುವ ಹೊಲ ಮಗನಿಗೆ ಹೋಗಲಿ, ಮನೆ ಮತ್ತು ಒಂದು ತುಂಡು ಅವ್ವನ ಹೆಸರಲ್ಲೇ ಉಳಿಯಲಿ, ಇಲ್ಲವೇ ಜೀವ ಇರುವವರೆಗಿನ ಅನುಭೋಗದ ಹಕ್ಕನ್ನಾದರೂ ಆಕೆ ಇಟ್ಟುಕೊಳ್ಳಲಿ.

ಎಸಿಯ ಅಧಿಕಾರ ದುರುಪಯೋಗವಾಗದೇ ಎಂಬ ಆತಂಕಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಬೆಂಗಳೂರಿನ ಅತ್ತೆ ಮಾವ ಈ ಕಾಯ್ದೆಯಡಿ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿಸಿದ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 15ರಂದು ತಳ್ಳಿಹಾಕಿತು; ಹಿರಿಯರ ಕಾಯ್ದೆಯನ್ನು ಹಿಡಿದು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಕೊಟ್ಟ ವಾಸದ ಹಕ್ಕನ್ನು ಕಿತ್ತುಕೊಳ್ಳಲಾಗದು ಎಂದಿತು. ಸರಿಯಾದ ತೀರ್ಪು. ಅದಕ್ಕೆ ಇನ್ನೊಂದು ಮಾತನ್ನೂ ಸೇರಿಸಬೇಕು: ಆಸ್ತಿ ಬರೆಸಿಕೊಳ್ಳುವವನು ಮಗ, ಮಗ್ಗುಲು ಬದಲಿಸುವವಳು ಸೊಸೆ, ಎಷ್ಟೋ ಕಡೆ ಹಬ್ಬಕ್ಕೆಂದು ಬಂದು ತಿಂಗಳುಗಟ್ಟಲೆ ನಿಂತು ನೋಡಿಕೊಳ್ಳುವವಳು ಪಾಲು ಸಿಗದ ಮಗಳು. ಷರತ್ತು ಬರೆದರೆ ಕನಿಷ್ಠ ಪಕ್ಷ ಈ ಕೆಲಸ ಒಂದು ಕೆಲಸವೆಂದು ಕಾಗದದ ಮೇಲೆ ಬರುತ್ತದೆ. ‘ನನ್ನನ್ನು ಯಾರು ನೋಡಿಕೊಳ್ಳುತ್ತಾರೋ’ ಎಂದು ಹೆಸರಿಸಿ ಕೊಡುವ ದಾನದಲ್ಲಿ ಸೊಸೆಯ ಹೆಸರನ್ನೂ ಮಗಳ ಹೆಸರನ್ನೂ ಸೇರಿಸಲು ಯಾವ ಕಾನೂನೂ ತಡೆಯುವುದಿಲ್ಲ.

ಕಬಿನಿ ಹಿನ್ನೀರಿನ ಅಂಚಿನ, ನಾಗರಹೊಳೆ ಸುತ್ತಿನ ಹಾಡಿಗಳ ಮಟ್ಟಿಗೆ ಈ ಚರ್ಚೆಯ ಬಹುಭಾಗ ಅನ್ವಯಿಸುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಜೇನು ಕುರುಬರಿಗೋ ಇತರ ಆದಿವಾಸಿಗಳಿಗೋ ಸಿಕ್ಕ ಹಕ್ಕುಪತ್ರ ವಾರಸಿಗೆ ಹೋಗುತ್ತದೆಯೇ ಹೊರತು ಪರಭಾರೆಯಾಗುವುದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ದಾನ ಕೊಡಲಾಗದು. ಭೂಮಿಯೇ ಇಲ್ಲದ ಕೂಲಿಕಾರರಿಗೆ ದಾನಪತ್ರದ ಮಾತೇ ಇಲ್ಲ; ಅವರಿಗೆ ಇರುವುದು ಅದೇ ದಿನದ 40 ರೂಪಾಯಿ, ಮತ್ತು ಪ್ರತಿ ಜಿಲ್ಲೆಯಲ್ಲೂ 150 ಜನರಿಗೆ ಸಾಲುವ ವೃದ್ಧಾಶ್ರಮ ಇರಬಹುದು ಎಂಬ ಕಾಯ್ದೆಯ 19ನೇ ಕಲಮಿನ ಮಾತು. ಅದು ಬೇರೆಯೇ ಲೇಖನ ಬೇಡುವ ವಿಷಯ.

ಆಗಬೇಕಾದ್ದು ಹೊಸ ಕಾಯ್ದೆಯಲ್ಲ. ನೋಂದಣಿ ಈಗ ಕಾವೇರಿ 2.0 ತಂತ್ರಾಂಶದಲ್ಲಿ ನಡೆಯುತ್ತದೆ, ವಿವರ ತುಂಬದೆ ಪರದೆ ಮುಂದೆ ಹೋಗುವುದಿಲ್ಲ. ಕೊಡುವವರ ವಯಸ್ಸು 60 ದಾಟಿದ್ದರೆ ದಾನಪತ್ರ, ಹಕ್ಕು ಖುಲಾಸೆ ಪತ್ರ ಎರಡಕ್ಕೂ ಪೋಷಣೆಯ ಷರತ್ತು ತಾನಾಗಿ ಬರುವಂತೆ ಮಾಡಬಹುದು. ಬೇಡವೆನ್ನುವವರಿಗೆ ಬಿಡುವ ಸ್ವಾತಂತ್ರ್ಯ ಇರಲಿ, ಆದರೆ ಬಿಟ್ಟರೆ ಏನಾಗುತ್ತದೆಂದು ಉಪನೋಂದಣಾಧಿಕಾರಿ ಮಗನನ್ನು ಹೊರಗೆ ಕೂರಿಸಿ, ಕೊಡುವವರೊಬ್ಬರಿಗೇ ಕನ್ನಡದಲ್ಲಿ ಓದಿ ಹೇಳಲಿ. ಷರತ್ತು ಪತ್ರದಲ್ಲಿದ್ದರೆ ಇನ್ನೂ ಒಂದು ಲಾಭ: ಅದೇ 23ನೇ ಕಲಮಿನ ಎರಡನೇ ಭಾಗದ ಪ್ರಕಾರ ಪೋಷಣೆಯ ಹಕ್ಕು ಗೊತ್ತಿದ್ದೂ ಆಸ್ತಿ ಕೊಂಡವನ ಮೇಲೂ ಆ ಹಕ್ಕು ಚಲಾಯಿಸಬಹುದು. ನೋಂದಣಿಯಾದ ಪತ್ರದಲ್ಲಿ ಬರೆದಿದ್ದಕ್ಕೆ, ನನಗೆ ಗೊತ್ತಿರಲಿಲ್ಲ ಎಂದು ಕೊಂಡವನು ಹೇಳುವಂತಿಲ್ಲ. ಸಹಕಾರ ಸಂಘದ ಸಾಲವನ್ನು ತಪ್ಪದೆ ಪಹಣಿಯ 11ನೇ ಕಾಲಮಿನಲ್ಲಿ ಋಣವೆಂದು ನಮೂದಿಸುವ ಕಂದಾಯ ಇಲಾಖೆ, ಖಾತೆ ಬದಲಾಗುವಾಗ ಅದರ ಕೆಳಗೆ ಇನ್ನೊಂದು ನಮೂದು ಮಾಡಲಿ: ತಾಯಿಯ ಪೋಷಣೆ, ಆಕೆಯ ಜೀವಿತಾವಧಿಯವರೆಗೆ.